ಹಾಸು ಮೊದಲು, ಹೊದಿಕೆ ಆಮೇಲೆ

1878ರ ಸೆಪ್ಟೆಂಬರ್. ದಕ್ಷಿಣ ಫ್ರಾನ್ಸಿನ ಲ ಮೊನಾಸ್ತಿಯೆ ಎಂಬ ಗುಡ್ಡಗಾಡಿನ ಊರಿನಲ್ಲಿ ಒಂದು ಕತ್ತೆಯ ವ್ಯಾಪಾರ ಕುದುರಿತು. ಕೊಂಡವನು ಸ್ಕಾಟ್ಲೆಂಡಿನ ರಾಬರ್ಟ್ ಲೂಯಿ ಸ್ಟೀವನ್‌ಸನ್. ವಯಸ್ಸು ಇಪ್ಪತ್ತೇಳು, 'ಟ್ರೆಷರ್ ಐಲೆಂಡ್' ಇನ್ನೂ ಬರೆದಿರಲಿಲ್ಲ. ಇಲಿಯ ಬಣ್ಣದ, ನಾಯಿಗಿಂತ ತುಸುವೇ ದೊಡ್ಡದಾದ ಆ ಹೆಣ್ಣುಕತ್ತೆಗೆ 65 ಫ್ರಾಂಕ್ ಕೊಟ್ಟ, ಮೇಲೊಂದು ಲೋಟ ಬ್ರಾಂದಿಯನ್ನೂ ಕುಡಿಸಿದ. ಮೊಡೆಸ್ಟೀನ್ ಎಂದು ಹೆಸರಿಟ್ಟ. ಕತ್ತೆ ಬೇಕಾಗಿದ್ದು ಸವಾರಿಗಲ್ಲ, ಅವನ ಹಾಸಿಗೆಯನ್ನು ಹೊರುವುದಕ್ಕೆ. ಆ ಹಾಸಿಗೆಗೆ ಅಷ್ಟರಲ್ಲೇ 80 ಫ್ರಾಂಕ್ ಮತ್ತು ಎರಡು ಲೋಟ ಬಿಯರ್ ಖರ್ಚಾಗಿತ್ತು. ಹೊರುವ ಪ್ರಾಣಿಗಿಂತ ಹೊರಿಸಿದ ಹಾಸಿಗೆಯೇ ದುಬಾರಿಯಾಯಿತು ಎಂಬ ಈ ಲೆಕ್ಕವನ್ನು ಸ್ಟೀವನ್‌ಸನ್ ತನ್ನ ಪ್ರವಾಸ ಕಥನದಲ್ಲಿ ತಾನೇ ಬರೆದಿಟ್ಟಿದ್ದಾನೆ.

ಅದು ಅವನೇ ಯೋಚಿಸಿ ಹೊಲಿಸಿದ ಚೀಲ. ಬಿಡಿಸಿ ಹರಡಿದರೆ ಹತ್ತಿರ ಹತ್ತಿರ ಆರಡಿ ಉದ್ದ, ಆರಡಿ ಅಗಲ. ಹೊರಗೆ ಗಾಡಿಗೆ ಹೊದಿಸುವ ಹಸಿರು ಬಣ್ಣದ ನೀರು ಹಿಡಿಯದ ದಪ್ಪ ಬಟ್ಟೆ, ಒಳಗೆ ನೀಲಿ ಬಣ್ಣದ ಕುರಿಯ ತುಪ್ಪಳ. ಹಗಲು ಸಾಮಾನು ತುಂಬುವ ಮೂಟೆ, ರಾತ್ರಿ ಒಳಗೆ ನುಸುಳಿ ಮಲಗುವ ಗೂಡು. ಒಬ್ಬನಿಗೆ ಧಾರಾಳ, ಇಬ್ಬರಿಗೆ ಇಕ್ಕಟ್ಟು. ಗುಡಾರ ಹೊಡೆದರೆ ದಾರಿಹೋಕರ ಕಣ್ಣಿಗೆಲ್ಲ ಬೀಳುತ್ತದೆ, ಹಾಕುವ ಬಿಚ್ಚುವ ರಗಳೆ ಬೇರೆ. ಅದಕ್ಕೇ ಚೀಲವನ್ನು ಆರಿಸಿಕೊಂಡ. ಹನ್ನೆರಡು ದಿನ ಸೆವೆನ್ ಬೆಟ್ಟಸಾಲಿನಲ್ಲಿ ನಡೆದು, ಕೊನೆಯ ಊರಿನಲ್ಲಿ ಮೊಡೆಸ್ಟೀನಳನ್ನು ತಡಿಯ ಸಮೇತ 35 ಫ್ರಾಂಕಿಗೆ ಮಾರಿದ.

ಬಯಲಿನಲ್ಲಿ ಬೆಚ್ಚಗೆ ಮಲಗಬೇಕು, ಕೈಯಲ್ಲಿ ದುಡ್ಡು ಕಡಿಮೆ. ಇಂದು ಟ್ರೆಕ್ಕಿಂಗ್‌ಗೆ ಹೊರಟ ಕಾಲೇಜು ಹುಡುಗರನ್ನು ಕಾಡುವ ಈ ಪ್ರಶ್ನೆಗೆ ಹೆಚ್ಚುಕಡಿಮೆ ನೂರೈವತ್ತು ವರ್ಷಗಳ ಚರಿತ್ರೆಯಿದೆ. ಅದರಲ್ಲೊಂದು ವಿಚಿತ್ರವೂ ಇದೆ. ಕನ್ನಡದಲ್ಲಿ 'ಹಾಸು ಹೊದಿಕೆ' ಎನ್ನುತ್ತೇವೆ. ಸಮೃದ್ಧಿಗೆ 'ಹಾಸಿ ಹೊದೆಯುವಷ್ಟು' ಎನ್ನುತ್ತೇವೆ. ಎರಡರಲ್ಲೂ ಹಾಸುವುದು ಮೊದಲು, ಹೊದೆಯುವುದು ಆಮೇಲೆ. ಯುರೋಪಿನ ಸ್ಲೀಪಿಂಗ್ ಬ್ಯಾಗ್ ಹುಟ್ಟಿ ಬೆಳೆದದ್ದು ಇದಕ್ಕೆ ತಿರುಗುಮುರುಗಾಗಿ. ಹೊದಿಕೆಗೆ ಪೇಟೆಂಟು, ಕಾರ್ಖಾನೆ, ಸೇನೆಯ ಗುತ್ತಿಗೆ ಎಲ್ಲವೂ ಹತ್ತೊಂಬತ್ತನೇ ಶತಮಾನದಲ್ಲೇ ಬಂದವು. ಅದರಡಿಯ ಹಾಸಿಗೆ ಅಂಥದ್ದೇ ಗಮನ ಸಿಗಲು ಮತ್ತೆ ನೂರು ವರ್ಷ ಹಿಡಿಯಿತು. ಆ ನೂರು ವರ್ಷದ ಚಳಿಯನ್ನು ಎಷ್ಟೋ ಜನರ ಬೆನ್ನು ಅನುಭವಿಸಿದೆ.

ಕಾರ್ಖಾನೆಯಲ್ಲಿ ರಾಶಿ ರಾಶಿಯಾಗಿ ತಯಾರಾಗಿ ಮಾರಾಟಕ್ಕೆ ಬಂದ ಮೊದಲ ಮಲಗುವ ಚೀಲವೆಂದು ಸಾಮಾನ್ಯವಾಗಿ ಗುರುತಿಸುವುದು ವೇಲ್ಸ್ ಸೀಮೆಯ ನ್ಯೂಟೌನ್ ಎಂಬ ಚಿಕ್ಕ ಪೇಟೆಯದನ್ನು. ಅಲ್ಲಿ ಪ್ರೈಸ್ ಪ್ರೈಸ್-ಜೋನ್ಸ್ ಎಂಬ ಬಟ್ಟೆ ವ್ಯಾಪಾರಿಯಿದ್ದ. ಸುತ್ತಲ ಕುರಿಗಳ ಉಣ್ಣೆಯಿಂದ ನೇಯ್ದ ಫ್ಲಾನೆಲ್ ಬಟ್ಟೆ ಆ ಊರಿನ ಜೀವನಾಧಾರ. ಪ್ರೈಸ್-ಜೋನ್ಸ್ ಅಂಗಡಿಯಲ್ಲಿ ಕೂತು ಗಿರಾಕಿಗಾಗಿ ಕಾಯುವ ಬದಲು ಮಾಲಿನ ಪಟ್ಟಿಯನ್ನು ಅಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸಿದ. ಆರ್ಡರು ಅಂಚೆಯಲ್ಲಿ ಬಂತು, ಮಾಲು ರೈಲಿನಲ್ಲಿ ಹೋಯಿತು. ವಿಕ್ಟೋರಿಯಾ ರಾಣಿಯೂ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಅವನ ಗಿರಾಕಿಗಳು. 1879ರಲ್ಲಿ ನ್ಯೂಟೌನ್ ರೈಲು ನಿಲ್ದಾಣದ ಪಕ್ಕದಲ್ಲೇ 'ರಾಯಲ್ ವೆಲ್ಷ್ ವೇರ್‌ಹೌಸ್' ಎಂಬ ಇಟ್ಟಿಗೆಯ ಭಾರಿ ಕಟ್ಟಡ ಎದ್ದಿತು. ಇಂದು ಮೊಬೈಲಿನಲ್ಲಿ ಬೆರಳೊತ್ತಿ ಸ್ಲೀಪಿಂಗ್ ಬ್ಯಾಗ್ ತರಿಸಿಕೊಳ್ಳುವವರು ನಡೆಯುತ್ತಿರುವುದು ಅವನು ಹಾಕಿಕೊಟ್ಟ ದಾರಿಯಲ್ಲೇ.

1876ರಲ್ಲಿ ಅವನು ಪೇಟೆಂಟ್ ಪಡೆದ ಸರಕಿನ ಹೆಸರು 'ಯೂಕ್ಲಿಸಿಯಾ ರಗ್'. ಹೆಸರಿನ ಮೊದಲ ಭಾಗ ಗ್ರೀಕಿನದು. ಚೆನ್ನಾಗಿ ಒರಗುವ ಜಾಗ ಎಂಬ ಅರ್ಥ ಬರುವಂತೆ ಕಟ್ಟಿದ್ದು. ಎರಡನೆಯ ಭಾಗ ನಮಗೆ ಮನೆಮಾತು, ದಪ್ಪ ಹೊದಿಕೆಗೆ ನಮ್ಮಲ್ಲಿ ಇಂದಿಗೂ 'ರಗ್ಗು' ಎಂದೇ ಹೆಸರು. ಕಂದು ಬಣ್ಣದ ಒಂದು ಉಣ್ಣೆ ರಗ್ಗು; ಅದನ್ನು ಮಡಿಚಿ ಅಂಚು ಸೇರಿಸಿಕೊಂಡರೆ ಚೀಲವಾಗುತ್ತದೆ. ತಲೆಯ ಕಡೆ ಒಂದು ಜೇಬು, ಜೇಬಿನೊಳಗೆ ಊದಿ ಉಬ್ಬಿಸುವ ರಬ್ಬರ್ ದಿಂಬು. ಹಾಸಿಕೊಳ್ಳಬಹುದು, ಹೊದ್ದುಕೊಳ್ಳಬಹುದು, ಸುತ್ತಿ ಹೆಗಲಿಗೇರಿಸಬಹುದು.

ಇದು ಕಣ್ಣಿಗೆ ಬಿದ್ದದ್ದು ರಷ್ಯದ ಸೇನೆಗೆ. 1877ರಲ್ಲಿ ತುರ್ಕರ ಮೇಲೆ ಯುದ್ಧ ಸಾರಿ, ಬಲ್ಗೇರಿಯದ ಪ್ಲೆವ್ನಾ ಕೋಟೆಗೆ ಮುತ್ತಿಗೆ ಹಾಕಿ, ತಿಂಗಳುಗಟ್ಟಲೆ ಬಯಲಲ್ಲಿ ಕೂತಿದ್ದ ಸೇನೆ ಅದು. ಚಳಿಗಾಲ ಹತ್ತಿರವಾಗುತ್ತಿತ್ತು. ನ್ಯೂಟೌನಿಗೆ 60,000 ರಗ್ಗುಗಳ ಆರ್ಡರು ಬಂತು. ಮಗ್ಗಗಳು ಹಗಲಿರುಳು ಓಡಿದವು. ಆ ಡಿಸೆಂಬರಿನಲ್ಲಿ ಪ್ಲೆವ್ನಾ ಬಿತ್ತು, ಮುತ್ತಿಗೆ ಮುಗಿಯಿತು, ರಷ್ಯನ್ನರು ಉಳಿದ ಮಾಲು ಬೇಡವೆಂದರು. 17,000 ರಗ್ಗುಗಳು ಪ್ರೈಸ್-ಜೋನ್ಸನ ತಲೆಯ ಮೇಲೆ ಬಿದ್ದವು.

ಅವನು ಎದೆಗುಂದಲಿಲ್ಲ. ಅದೇ ರಗ್ಗನ್ನು ತನ್ನ ಪಟ್ಟಿಗೆ ಸೇರಿಸಿದ. ಬಡವರಿಗೆ ಹೊದಿಕೆ ಹಂಚುವ ಧರ್ಮಸಂಸ್ಥೆಗಳಿಗೆ ಕಡಿಮೆ ಬೆಲೆಯ ಹಾಸಿಗೆಯೆಂದು ಮಾರಿದ, ಬ್ರಿಟಿಷ್ ಸೇನೆಗೆ ಮಾರಿದ, ಆಸ್ಟ್ರೇಲಿಯದ ಒಳನಾಡಿನಲ್ಲಿ ಆಕಾಶದ ಕೆಳಗೆ ಮಲಗುವ ದುಡಿಮೆಗಾರರಿಗೂ ಮುಟ್ಟಿಸಿದ. ಅಗ್ಗದ ಸ್ಲೀಪಿಂಗ್ ಬ್ಯಾಗಿನ ಚರಿತ್ರೆ ಶುರುವಾಗುವುದು ಹೀಗೆ, ರದ್ದಾದ ಒಂದು ಯುದ್ಧದ ಆರ್ಡರಿನಿಂದ. ಅಷ್ಟು ಸಾವಿರ ರಗ್ಗುಗಳಲ್ಲಿ ಒಂದೂ ಉಳಿದಂತಿಲ್ಲ. 2010ರಲ್ಲಿ ಬಿಬಿಸಿಯ ಚರಿತ್ರೆ ಯೋಜನೆಯೊಂದಕ್ಕೆ ನ್ಯೂಟೌನಿನವರು ಪೇಟೆಂಟಿನ ಚಿತ್ರ ನೋಡಿಕೊಂಡು ಹೊಸದಾಗಿ ಒಂದನ್ನು ಹೊಲಿಸಬೇಕಾಯಿತು. ಬಡವರ ಹಾಸಿಗೆ ವಸ್ತುಸಂಗ್ರಹಾಲಯಕ್ಕೆ ಬರುವುದಿಲ್ಲ. ಹರಿಯುವವರೆಗೂ ಬಳಕೆಯಾಗಿ ಹೋಗುತ್ತದೆ.

ಆ ರಗ್ಗಿನಲ್ಲಿ ತಲೆಗೆ ದಿಂಬಿತ್ತು. ಬೆನ್ನಿಗೆ ಏನೂ ಇರಲಿಲ್ಲ.

ಆಲ್ಪ್ಸ್ ಏರುತ್ತಿದ್ದವರೂ ಬೆನ್ನನ್ನು ಹೀಗೇ ಮರೆತರು. ಫ್ರಾನ್ಸಿಸ್ ಫಾಕ್ಸ್ ಟಕೆಟ್ ಎಂಬ ಇಂಗ್ಲಿಷ್ ಪರ್ವತಾರೋಹಿ 1861ರಷ್ಟು ಹಿಂದೆಯೇ ಮಲಗುವ ಚೀಲವೊಂದನ್ನು ಬೆಟ್ಟದ ಮೇಲೆ ಪರೀಕ್ಷಿಸಿದ್ದ. ಮ್ಯಾಟರ್‌ಹಾರ್ನ್ ಏರಿದ ಎಡ್ವರ್ಡ್ ವಿಂಪರ್ ತನ್ನ ಗುಡಾರದ ನೆಲಕ್ಕೆ ರಬ್ಬರ್ ಲೇಪಿಸಿದ ಮ್ಯಾಕಿಂಟಾಷ್ ಬಟ್ಟೆ ಹೊಲಿಸಿದ್ದ. ರಬ್ಬರ್ ಬಟ್ಟೆ ತೇವವನ್ನು ತಡೆಯುತ್ತದೆ, ಥಂಡಿಯನ್ನು ತಡೆಯುವುದಿಲ್ಲ. ಇವೆರಡೂ ಬೇರೆ ಬೇರೆ ಶತ್ರುಗಳು. ತೆಳುವಾದ ಟಾರ್ಪಾಲಿನ ಮೇಲೆ ಮಲಗಿ ರಾತ್ರಿಯಿಡೀ ನಡುಗಿದ ಯಾರಿಗಾದರೂ ಇದು ಗೊತ್ತು.

ವಿಷಯ ನಿಜವಾಗಿ ತಿಳಿದಿದ್ದವರು ಉತ್ತರ ಧ್ರುವದ ಅಂಚಿನ ಜನ. ಇನ್ಯುಯಿಟರ ಹಿಮದ ಮನೆಯಲ್ಲಿ ಮಲಗುವ ಜಾಗವೆಂದರೆ ಬಾಗಿಲಿಗಿಂತ ಎತ್ತರದಲ್ಲಿ ಕಟ್ಟಿದ ಒಂದು ಜಗಲಿ. ತಣ್ಣನೆಯ ಗಾಳಿ ಭಾರ, ಕೆಳಗೇ ಉಳಿಯುತ್ತದೆ. ಜಗಲಿಯ ಮೇಲೆ ಕ್ಯಾರಿಬೂ ಜಿಂಕೆಯ ಚರ್ಮಗಳ ಪದರ: ಅಡಿಯ ಚರ್ಮದ ಕೂದಲು ಕೆಳಮುಖ, ಮೇಲಿನದರ ಕೂದಲು ಮೇಲ್ಮುಖ. ಹೊದೆಯುವ ಮಾತು ಅದಾದ ಮೇಲೆ. ಆ ಜಿಂಕೆಯ ಕೂದಲಿನ ಒಳಗೆಲ್ಲ ಗಾಳಿ ತುಂಬಿದ ಸಣ್ಣ ಸಣ್ಣ ಕೋಣೆಗಳು. ಮೇಲೆ ಆಳು ಮಲಗಿದರೂ ಅವು ಪೂರ್ತಿ ಚಪ್ಪಟೆಯಾಗುವುದಿಲ್ಲ. ನಾರ್ವೆಯ ರೋಲ್ಡ್ ಅಮುಂಡ್‌ಸೆನ್ 1903ರಿಂದ 1905ರವರೆಗೆ ಯೋವಾ ಹಡಗಿನಲ್ಲಿ ಹೋಗಿ ನೆಟ್ಸಿಲಿಕ್ ಇನ್ಯುಯಿಟರ ನೆರೆಯಲ್ಲಿ ಎರಡು ಚಳಿಗಾಲ ಕಳೆದದ್ದು ಇಂಥ ವಿದ್ಯೆಗಳನ್ನು ಕಲಿಯಲಿಕ್ಕೂ ಹೌದು. ಅದಕ್ಕೂ ಮುಂಚೆ, 1888ರಲ್ಲಿ, ಫ್ರಿಟ್ಯಾಫ್ ನಾನ್ಸೆನ್ ಗ್ರೀನ್‌ಲೆಂಡನ್ನು ಅಡ್ಡಹಾಯ್ದಾಗ ಆರು ಜನಕ್ಕೆ ಹಿಮಸಾರಂಗದ ಚರ್ಮದ ಎರಡೇ ಚೀಲ ಒಯ್ದಿದ್ದ. ಒಂದೊಂದರಲ್ಲಿ ಮೂವರು. ಒಬ್ಬರ ಮೈ ಇನ್ನೊಬ್ಬರಿಗೆ ಒಲೆ. ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿಳಿದ ರಾತ್ರಿಗಳನ್ನು ಅವರು ಕಳೆದದ್ದು ಹಾಗೆ.

ಚಳಿಯಲ್ಲಿ ಮೈಯನ್ನು ಬೆಚ್ಚಗಿಡುವುದು ಬಟ್ಟೆಯೂ ಅಲ್ಲ, ಪುಕ್ಕವೂ ಅಲ್ಲ. ಅವುಗಳ ನಡುವೆ ಅಲುಗಾಡದೆ ನಿಂತ ಗಾಳಿ. ಎಂಥ ದುಬಾರಿ ಪುಕ್ಕದ ಚೀಲವಾದರೂ ಮಲಗಿದವನ ಭಾರಕ್ಕೆ ಬೆನ್ನಿನಡಿಯ ಭಾಗ ಹಪ್ಪಳವಾಗುತ್ತದೆ. ಗಾಳಿ ಹೊರಟುಹೋಯಿತು, ಅಲ್ಲಿಗೆ ಆ ಭಾಗದ ಕೆಲಸವೂ ಮುಗಿಯಿತು. ಮಿಕ್ಕದ್ದು ಮೈಗೂ ನೆಲಕ್ಕೂ ನೇರ ವ್ಯವಹಾರ. ನೆಲ ತಣ್ಣಗಿದ್ದರೆ ರಾತ್ರಿಯಿಡೀ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಆದ್ದರಿಂದಲೇ ಒಳ್ಳೆಯ ಹಾಸು ಮತ್ತು ಸಾಧಾರಣ ಚೀಲ ಇದ್ದವರು, ಒಳ್ಳೆಯ ಚೀಲವಿದ್ದೂ ಹಾಸು ಇಲ್ಲದವರಿಗಿಂತ ಚೆನ್ನಾಗಿ ನಿದ್ದೆ ಮಾಡುತ್ತಾರೆ.

ಇನ್ನೊಂದು ಶತ್ರು ಮಲಗಿದವರ ಉಸಿರೇ. 1911ರ ಜೂನ್ 27ರಂದು, ಅಂಟಾರ್ಕ್ಟಿಕದ ಸೂರ್ಯನಿಲ್ಲದ ನಡುಚಳಿಗಾಲದಲ್ಲಿ, ದಕ್ಷಿಣ ಧ್ರುವಕ್ಕೆ ಹೊರಟಿದ್ದ ಸ್ಕಾಟ್ ತಂಡದ ಎಡ್ವರ್ಡ್ ವಿಲ್ಸನ್, ಹೆನ್ರಿ ಬವರ್ಸ್ ಮತ್ತು ಆಪ್ಸ್ಲಿ ಚೆರ್ರಿ-ಗರಾರ್ಡ್ ಎಂಪರರ್ ಪೆಂಗ್ವಿನ್ ಮೊಟ್ಟೆ ತರಲು ಕೇಪ್ ಕ್ರೋಜಿಯರ್‌ಗೆ ಹೊರಟರು. ಶೂನ್ಯಕ್ಕಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೋದ ಥಂಡಿ. ತಲೆ ಹೊರಗಿಟ್ಟರೆ ಮುಖ ಸೆಟೆಯುತ್ತದೆ, ಹಾಗಾಗಿ ಚೀಲದೊಳಗೇ ಉಸಿರಾಡಿದರು. ಉಸಿರಿನ ಆವಿ, ಬೆವರು ಎಲ್ಲವೂ ತುಪ್ಪಳದಲ್ಲಿ ಮಂಜುಗಡ್ಡೆಯಾಗಿ ಕೂತಿತು. ಬೆಳಿಗ್ಗೆ ಮಡಿಚಿದರೆ ಹಲಗೆಯಂತೆ ಗಡುಸು, ರಾತ್ರಿ ಒಳಗೆ ಇಳಿಯಬೇಕಾದರೆ ಕಾಲಿನಿಂದ ಇಂಚಿಂಚೇ ಕರಗಿಸಿಕೊಂಡು ಜಾಗ ಮಾಡಿಕೊಳ್ಳಬೇಕು. ಬವರ್ಸ್ ತೂಕದ ಲೆಕ್ಕ ಇಟ್ಟಿದ್ದ. ಈಡರ್ ಬಾತಿನ ಪುಕ್ಕದ ಒಳಚೀಲವೂ ಸೇರಿ ಹೊರಡುವಾಗ ಮೂರು ಚೀಲಗಳ ತೂಕ 52 ಪೌಂಡ್. ಐದು ವಾರಗಳ ನಂತರ ಮರಳಿದಾಗ 118 ಪೌಂಡ್. ಸುಮಾರು 30 ಕಿಲೋ ಮಂಜುಗಡ್ಡೆಯನ್ನು ಅವರು ಹಾಸಿಗೆಯ ಹೆಸರಿನಲ್ಲಿ ಎಳೆದು ತಂದಿದ್ದರು. ಚೀಲದೊಳಕ್ಕೆ ಮುಖ ಹುದುಗಿಸಿ ಉಸಿರಾಡಬೇಡಿ ಎಂದು ಇಂದಿನ ಟ್ರೆಕ್ ನಾಯಕರು ಹೊಸಬರಿಗೆ ಹೇಳುವ ಮಾತಿನ ಹಿಂದೆ ಇಂಥ ಅನುಭವದ ಭಾರವಿದೆ.

ಇಷ್ಟು ಹೊತ್ತಿಗೆ ಕನ್ನಡದ ಓದುಗರಿಗೆ ಕಂಬಳಿ ನೆನಪಾಗಿಯೇ ಇರುತ್ತದೆ. ಬಯಲಲ್ಲಿ ಮಲಗುವುದು ವಿಹಾರವಲ್ಲ, ಕಸುಬು ಎಂದು ಬದುಕಿದವರು ಇಲ್ಲಿಯ ಕುರಿಗಾರರು. ಕೊಯ್ಲು ಮುಗಿದ ಹೊಲಗಳಲ್ಲಿ ಕುರಿ ತರುಬುವುದು, ಅಂದರೆ ರಾತ್ರಿ ಮಂದೆಯನ್ನು ಅಲ್ಲೇ ನಿಲ್ಲಿಸಿ ಹಿಕ್ಕೆ ಗಂಜಲದಿಂದ ನೆಲಕ್ಕೆ ಗೊಬ್ಬರ ಮಾಡಿಸುವುದು, ರೈತನಿಗೂ ಕುರುಬನಿಗೂ ನಡುವಿನ ಹಳೆಯ ಒಪ್ಪಂದ. ಮಂದೆ ಎಲ್ಲಿ ನಿಂತಿತೋ ಅಲ್ಲೇ ಅವನ ಮಲಗುವ ಮನೆ. ಹೆಗಲ ಮೇಲಿನ ಕರಿಕಂಬಳಿಯೇ ಹಾಸು, ಹೊದಿಕೆ, ಗುಡಾರ, ಮಳೆಯ ಕೊಡೆ.

ಡೆಕ್ಕನಿ ಮತ್ತು ಬಳ್ಳಾರಿ ತಳಿಯ ಕುರಿಗಳ ಉಣ್ಣೆ ಒರಟು, ಬಹುಪಾಲು ಕಪ್ಪು. ಅದಕ್ಕೆ ಬಣ್ಣದ ಹಂಗಿಲ್ಲ. ಹೆಂಗಸರು ನೂಲು ತೆಗೆದರೆ ಗಂಡಸರು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತು ಮಗ್ಗದಲ್ಲಿ ನೇಯುತ್ತಾರೆ. ನೂಲು ಗಟ್ಟಿಯಾಗಲೆಂದು ಹುಣಸೆ ಬೀಜ ಅರೆದು ಬೇಯಿಸಿದ ಗಂಜಿ ಬಳಿಯುತ್ತಾರೆ. ಹೊಸ ಕಂಬಳಿ ಅದಕ್ಕೇ ಸೆಟೆದುಕೊಂಡಿರುತ್ತದೆ, ಮುಟ್ಟಿದರೆ ಚುಚ್ಚುತ್ತದೆ. ಬಳಸುತ್ತ ಬಳಸುತ್ತ ಮೆತ್ತಗಾಗುತ್ತದೆ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕನನ್ ಕುರುಬರ ಕಂಬಳಿ ನೇಯ್ಗೆಯನ್ನು ನೋಡಿ ತನ್ನ ವರದಿಯಲ್ಲಿ ದಾಖಲಿಸಿದ. ಭಾರತದಲ್ಲಿದ್ದ ಇಂಗ್ಲಿಷರ ಬಾಯಲ್ಲಿ ಅದು ಎಷ್ಟು ಬಳಕೆಯಾಯಿತೆಂದರೆ 1886ರ ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲಿ 'ಕಂಬ್ಲಿ' ಎಂಬ ನಮೂದೇ ಇದೆ. ಚಳ್ಳಕೆರೆಯ ಕಂಬಳಿಗೂ ರಾಣೆಬೆನ್ನೂರಿನ ಬಳಿಯ ಮೆಡ್ಲೇರಿಯ ಕಂಬಳಿಗೂ ಇಂದಿಗೂ ಹೆಸರಿದೆ.

ಕಂಬಳಿಯ ಗುಣ ಅದರ ಒರಟುತನದಲ್ಲೇ ಇದೆ. ನಯವಾದ ಪುಕ್ಕದಂತೆ ಅದು ಭಾರಕ್ಕೆ ಸೋತು ಚಪ್ಪಟೆಯಾಗುವುದಿಲ್ಲ. ಗಡುಸು ಎಳೆಗಳ ನಡುವೆ ಗಾಳಿ ಉಳಿಯುತ್ತದೆ, ಹಾಗಾಗಿ ಹಾಸಿಗೂ ಆಗುತ್ತದೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನ ಹತ್ತಿರದಷ್ಟು ತೇವ ಕುಡಿದರೂ ಒದ್ದೆ ಎನ್ನಿಸುವುದಿಲ್ಲ. ಮಲೆನಾಡಿನ ಸೋನೆಯಲ್ಲಿ ಒಂದು ಮೂಲೆಯನ್ನು ಮಡಿಚಿ ತಲೆಗೆ ಕೊಪ್ಪೆ ಹಾಕಿಕೊಂಡು ದಿನವಿಡೀ ಗದ್ದೆಯಲ್ಲಿ ದುಡಿದವರು ಇದಕ್ಕೆ ಸಾಕ್ಷಿ. ಕಂಬಳಿಗೆ ಗತಿಯಿಲ್ಲದವರು ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ನೂಕಿ ಅದೇ ಕೊಪ್ಪೆ ಮಾಡಿಕೊಂಡರು. ತಲೆಯನ್ನು ಮುಚ್ಚಿ ಹೆಗಲಿನಿಂದ ಇಳಿಯುವ ಆ ಆಕಾರವನ್ನು, ಇಂದು ಮಮ್ಮಿ ಬ್ಯಾಗ್ ಎಂದು ಮಾರುವ ಚೀಲದ ತಲೆಗಾಪಿನ ಪಕ್ಕದಲ್ಲಿಟ್ಟು ನೋಡಬೇಕು. ಹೆಸರು ಬೇರೆ, ಯುಕ್ತಿ ಒಂದೇ.

ಕಂಬಳಿಯೊಂದೇ ಅಲ್ಲ. ಈಚಲ ಗರಿಯ ಚಾಪೆ, ಕೆರೆಯಂಚಿನ ಜೊಂಡಿನ ಚಾಪೆ, ಕರಾವಳಿಯ ಮುಂಡುಗದ ಓಲೆಯ ಚಾಪೆ, ಗೋಣಿ ತಾಟು, ನವಲಗುಂದದ ಜಮಖಾನೆ, ಹೀಗೆ ಹಾಸುವ ವಸ್ತುಗಳಿಗೇ ನಮ್ಮಲ್ಲಿ ದೊಡ್ಡ ಬಳಗವಿದೆ. ರೈಲಿನ ಕಾಲದಲ್ಲಿ ಇವೆಲ್ಲ ಕ್ಯಾನ್ವಾಸಿನ ಹೋಲ್ಡಾಲಿನೊಳಗೆ ಸುರುಳಿ ಸುತ್ತಿ, ಎರಡು ಚರ್ಮದ ಪಟ್ಟಿಗಳಲ್ಲಿ ಬಿಗಿದು, ಮದುವೆಗೂ ವರ್ಗಾವಣೆಗೂ ಯಾತ್ರೆಗೂ ಹೊರಟವು. ಬಂದ ನೆಂಟರು ಹಾಸಿಗೆಯನ್ನು ತಾವೇ ತಂದಿರುತ್ತಿದ್ದ ಕಾಲ ಅದು.

ಹಾಗೆಂದು ಕಂಬಳಿಯನ್ನು ಹೊಗಳಿ ಅಟ್ಟಕ್ಕೇರಿಸುವುದು ಸರಿಯಲ್ಲ. ಅದು ಭಾರ. ಒದ್ದೆಯಾದರೆ ಇನ್ನೂ ಭಾರ, ಒಣಗುವುದು ನಿಧಾನ. ಬಯಲುಸೀಮೆಯ ಮಾಗಿಗೆ ಅದು ಸಾಕು. ಹಿಮಾಲಯದ ಡಿಸೆಂಬರಿಗೆ ಒಂದೇ ಕಂಬಳಿ ಸಾಲದು. ಬೆನ್ನಿನ ಮೇಲೆ ಹೊತ್ತು ಮೇಲೇರುವವರಿಗೆ ಹಗುರವಾದದ್ದೇನೋ ಬೇಕಿತ್ತು. ಅದರ ಹುಡುಕಾಟವೇ ಇಪ್ಪತ್ತನೇ ಶತಮಾನದ ಕಥೆ.

ಆ ಹುಡುಕಾಟದಲ್ಲಿ ನಮಗೆ ಪರಿಚಯದ ಒಂದು ವಸ್ತುವೂ ಸಿಗುತ್ತದೆ. ನಾರ್ವೆಯ ಅಯುಂಗಿಲಾಕ್ ಕಂಪನಿ 1890ರ ಸುಮಾರಿಗೆ ತಯಾರಿಸಿದ ಚೀಲಗಳಲ್ಲಿ ತುಂಬಿದ್ದು ಕಪೋಕ್. ಅದು ಬಿಳಿ ಬೂರುಗದ ಕಾಯಿಯೊಳಗಿನ ರೇಷ್ಮೆಯಂಥ ನಾರು. ನಮ್ಮ ದಿಂಬು ಹಾಸಿಗೆಗಳಿಗೆ ತುಂಬುವ ಬೂರುಗದ ಹತ್ತಿ ಇದೇ ಬಳಗದ್ದು. ಆಮೇಲೆ ಬಾತಿನ ಪುಕ್ಕ ಬಂತು. ಎರಡನೇ ಮಹಾಯುದ್ಧದಲ್ಲಿ ಸೇನೆಗಳು ಸ್ಲೀಪಿಂಗ್ ಬ್ಯಾಗುಗಳನ್ನು ಲೆಕ್ಕವಿಲ್ಲದಷ್ಟು ಹೊಲಿಸಿದವು. ಯುದ್ಧ ಮುಗಿದ ಮೇಲೆ ಮಿಕ್ಕ ಮಾಲು ಅಗ್ಗದ ಬೆಲೆಗೆ ಅಂಗಡಿಗಳಿಗೆ ಹರಿದು, ಅಮೆರಿಕ ಯುರೋಪುಗಳ ಒಂದು ಇಡೀ ತಲೆಮಾರು ಸೇನೆಯ ಚೀಲ ಹೊದ್ದು ಬೆಟ್ಟ ಹತ್ತಿತು. ಪ್ಲೆವ್ನಾದ ಕಥೆಯೇ ಮರುಕಳಿಸಿತು ಎನ್ನಬಹುದು. ನಂತರ ನೈಲಾನ್ ಬಟ್ಟೆ, ಒಳಗೆ ಪಾಲಿಯೆಸ್ಟರ್ ನಾರು. ಒಬ್ಬ ಗುಮಾಸ್ತನ ಸಂಬಳಕ್ಕೂ ಚೀಲ ಎಟುಕಿತು.

ಹಾಸು ಮಾತ್ರ ಹಿಂದೆಯೇ ಉಳಿದಿತ್ತು. 1960ರ ದಶಕದವರೆಗೂ ಹೆಚ್ಚಿನವರು ಒಣಹುಲ್ಲು, ಸೊಪ್ಪು, ಸುತ್ತಿಟ್ಟ ಹಗ್ಗ, ಖಾಲಿ ಮಾಡಿದ ಬೆನ್ನುಚೀಲಗಳನ್ನು ಅಡಿಗೆ ಹಾಕಿಕೊಂಡೇ ಮಲಗುತ್ತಿದ್ದರು. ಊದುವ ರಬ್ಬರ್ ಹಾಸಿಗೆ ಇತ್ತು. ಭಾರ, ಸಾಲದ್ದಕ್ಕೆ ಒಳಗಿನ ಗಾಳಿ ಸುತ್ತಾಡುತ್ತ ಮೈಬಿಸಿಯನ್ನು ನೆಲಕ್ಕೆ ದಾಟಿಸುತ್ತಿತ್ತು. ಅದನ್ನು ಬದಲಿಸಿದ್ದು ಫೋಮ್. ಇಂಗ್ಲೆಂಡಿನ ಲ್ಯಾಂಕಾಷೈರಿನಲ್ಲಿ ಪಾರ್ಸನ್ಸ್ ದಂಪತಿ 1946ರಲ್ಲಿ ಸೈಕಲ್ ಚೀಲ ಹೊಲಿಯಲು ಕಟ್ಟಿದ ಕ್ಯಾರಿಮೋರ್ ಕಂಪನಿ 1960ರ ದಶಕದಲ್ಲಿ ಹೊರತಂದ ಫೋಮ್ ಚಾಪೆಗೆ 'ಕ್ಯಾರಿಮ್ಯಾಟ್' ಎಂದು ಹೆಸರಿಟ್ಟಿತು. ಮುಂದೆ ಬ್ರಿಟನ್ನಿನಲ್ಲಿ ಅಂಥ ಚಾಪೆಗಳಿಗೆಲ್ಲ ಅದೇ ಹೆಸರು ನಿಂತಿತು. ಬ್ಲೇಡಿನಿಂದ ಅದನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒತ್ತಾಗಿ ಕೂತಿರುತ್ತವೆ. ಒಂದೊಂದೂ ಬಾಯಿ ಮುಚ್ಚಿದ ಗುಳ್ಳೆ. ಮೇಲೆ ನೀರು ಸುರಿದರೆ ಜಾರಿ ಹೋಗುತ್ತದೆ. ಪಾತ್ರೆ ತೊಳೆಯುವ ಸ್ಪಂಜಿನ ಗುಳ್ಳೆಗಳಿಗೆ ಬಾಯಿ ತೆರೆದಿದೆ; ಅದಕ್ಕೇ ಅದು ನೀರು ಕುಡಿಯುತ್ತದೆ. ಜಿಂಕೆಯ ಕೂದಲಿನೊಳಗೆ ನಿಸರ್ಗ ಮಾಡಿದ್ದ ಕೆಲಸವನ್ನು, ಹವಾಯಿ ಚಪ್ಪಲಿಯ ಅಟ್ಟೆಯಂಥ ಈ ಹಾಳೆ ಮಾಡಿತೆಂದರೆ ಸುಳ್ಳಲ್ಲ.

ಮುಂದಿನ ಹೆಜ್ಜೆಗೆ ಕಾರಣ ಒಂದು ನಿರುದ್ಯೋಗ. 1970ರ ಸುಮಾರಿಗೆ ವಿಮಾನ ತಯಾರಿಸುವ ಬೋಯಿಂಗ್ ಕಂಪನಿ ಸಿಯಾಟಲ್ ನಗರದಲ್ಲಿ ತನ್ನ ಅರ್ಧಕ್ಕಿಂತ ಹೆಚ್ಚು ನೌಕರರನ್ನು ಮನೆಗೆ ಕಳಿಸಿತು. ಊರು ಬಿಡುವ ಕೊನೆಯವರು ದೀಪ ಆರಿಸಿ ಹೋಗಿ ಎಂಬ ಫಲಕ 1971ರಲ್ಲಿ ರಸ್ತೆ ಬದಿಯಲ್ಲಿ ಎದ್ದದ್ದು ಆಗಲೇ. ಕೆಲಸ ಕಳೆದುಕೊಂಡವರಲ್ಲಿ ಜಿಮ್ ಲೀ, ನೀಲ್ ಆಂಡರ್‌ಸನ್ ಎಂಬ ಎಂಜಿನಿಯರುಗಳಿದ್ದರು. ಅವರ ಗೆಳೆಯ ಜಾನ್ ಬರೋಸ್ ಬೆಟ್ಟ ಹತ್ತುವ ಹವ್ಯಾಸದವನು. ಫೋಮ್ ಚಾಪೆಯ ಮೇಲೆ ನಿದ್ದೆಯೇ ಬರುವುದಿಲ್ಲ ಎಂಬುದು ಅವನ ಗೋಳು. ಒಮ್ಮೆ ಲೀ ತೋಟದಲ್ಲಿ ಫೋಮ್ ಮೆತ್ತೆಯ ಮೇಲೆ ಮೊಣಕಾಲೂರಿ ಕೆಲಸ ಮಾಡುತ್ತಿದ್ದಾಗ, ಊರಿದಷ್ಟೂ ಒಳಗಿನ ಗಾಳಿ ಹೊರಹೋಗುವುದನ್ನು ಗಮನಿಸಿದ. ಆ ಗಾಳಿಯನ್ನು ಹೋಗಗೊಡದಿದ್ದರೆ? ಸ್ಪಂಜಿನ ಸುತ್ತ ಗಾಳಿ ದಾಟದ ಬಟ್ಟೆ ಅಂಟಿಸಿ, ಮೂಲೆಯಲ್ಲೊಂದು ತಿರುಗಣೆ ಇಟ್ಟರು. ತಿರುಗಣೆ ಬಿಚ್ಚಿದರೆ ಸ್ಪಂಜು ಹಿಗ್ಗಿ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಮುಚ್ಚಿದರೆ ಹಾಸಿಗೆ ಸಿದ್ಧ. ಥರ್ಮ್-ಎ-ರೆಸ್ಟ್ ಹುಟ್ಟಿದ್ದು ಹೀಗೆ. ಅದಕ್ಕಾಗಿ 1972ರಲ್ಲಿ ಕ್ಯಾಸ್ಕೇಡ್ ಡಿಸೈನ್ಸ್ ಎಂಬ ಕಂಪನಿ ಕಟ್ಟಿದರು. ಯೂಕ್ಲಿಸಿಯಾ ರಗ್ಗಿಗೆ ಆಗ ಹತ್ತಿರ ಹತ್ತಿರ ನೂರು ವರ್ಷ.

ಕೊಳ್ಳುವವರಿಗೆ ಅಳತೆಗೋಲು ಸಿಕ್ಕಿದ ಕ್ರಮವೂ ಇದೇ: ಚೀಲಕ್ಕೆ ಮೊದಲು, ಹಾಸಿಗೆ ತಡವಾಗಿ. 2002ರಲ್ಲಿ ಯುರೋಪು ಇಎನ್ 13537 ಎಂಬ ಮಾನಕ ತಂದಿತು. ಈಗ ಅದರ ಜಾಗದಲ್ಲಿ ಐಎಸ್‌ಒ 23537 ಇದೆ. ಮೈಬಿಸಿಯಷ್ಟು ಕಾಯಿಸಿದ ಬೊಂಬೆಯೊಂದನ್ನು ಚೀಲದಲ್ಲಿ ಮಲಗಿಸಿ, ತಣ್ಣನೆಯ ಕೋಣೆಯಲ್ಲಿಟ್ಟು, ಎಷ್ಟು ಬಿಸಿ ಸೋರುತ್ತದೆಂದು ಅಳೆಯುತ್ತಾರೆ. ಅದರಿಂದ ಬರುವ ಅಂಕಿಗಳಲ್ಲಿ ಮುಖ್ಯವಾದವು ಮೂರು. 'ಕಂಫರ್ಟ್' ಎಂದರೆ ಸಾಮಾನ್ಯ ಮೈಕಟ್ಟಿನ ಹೆಂಗಸು ಆರಾಮವಾಗಿ ಮಲಗಬಹುದಾದ ಚಳಿ. 'ಲಿಮಿಟ್' ಎಂದರೆ ಗಂಡಸು ಮುದುಡಿಕೊಂಡು ರಾತ್ರಿ ಕಳೆಯಬಹುದಾದ ಚಳಿ. 'ಎಕ್ಸ್‌ಟ್ರೀಮ್' ಎಂದರೆ ಜೀವ ಉಳಿಯುವ ಗಡಿ, ನಿದ್ದೆಯ ಮಾತೇ ಅಲ್ಲ. ಅಗ್ಗದ ಎಷ್ಟೋ ಚೀಲಗಳ ಮೇಲೆ ದಪ್ಪಕ್ಷರದಲ್ಲಿ ಇರುವುದು ಈ ಕೊನೆಯ ಅಂಕಿ. ಅದನ್ನು ನಂಬಿ ಹೋಗಿ ರಾತ್ರಿಯಿಡೀ ಹಲ್ಲು ಕಡಿಯುತ್ತ ಕೂತವರು ಪ್ರತಿ ತಂಡದಲ್ಲೂ ಇರುತ್ತಾರೆ. ದುಡ್ಡು ಎಣಿಸಿ ಕೊಡುವವರು ನೋಡಬೇಕಾದದ್ದು ಕಂಫರ್ಟ್ ಅಂಕಿಯನ್ನು ಮಾತ್ರ. ಪರೀಕ್ಷೆಯ ಬೊಂಬೆಯನ್ನು ಬರಿನೆಲದ ಮೇಲೆ ಮಲಗಿಸುವುದಿಲ್ಲ, ಹಾಸಿನ ಮೇಲೆ ಮಲಗಿಸುತ್ತಾರೆ ಎಂಬುದನ್ನೂ ನೆನಪಿಡಬೇಕು. ಚೀಟಿಯ ಮೇಲಿನ ಅಂಕಿ ಅಡಿಯಲ್ಲಿ ಹಾಸಿದೆಯೆಂದು ಊಹಿಸಿಕೊಂಡೇ ಬರೆದದ್ದು.

ಆ ಹಾಸಿನ ಬಿಸಿತಡೆಯನ್ನು ಆರ್-ವ್ಯಾಲ್ಯೂ ಎಂದು ಅಳೆಯುತ್ತಾರೆ. ಎಲ್ಲ ಕಂಪನಿಗಳೂ ಒಂದೇ ಬಗೆಯಲ್ಲಿ ಅಳೆಯುವಂತೆ ಎಎಸ್‌ಟಿಎಂ ಎಫ್3340 ಎಂಬ ಮಾನಕ ಬಂದದ್ದು 2018ರಲ್ಲಿ. 2020ರಿಂದ ದೊಡ್ಡ ಹೆಸರಿನವರು ಅದನ್ನು ಅಚ್ಚು ಹಾಕತೊಡಗಿದರು. ಬಡ ಚಾರಣಿಗರಿಗೆ ಈ ಲೆಕ್ಕದಲ್ಲಿ ಒಂದು ವರದಾನವಿದೆ: ಆರ್-ವ್ಯಾಲ್ಯೂಗಳನ್ನು ನೇರವಾಗಿ ಕೂಡಬಹುದು. ಒಳ್ಳೆಯ ಫೋಮ್ ಚಾಪೆಯೊಂದು ಸುಮಾರು 2 ಕೊಡುತ್ತದೆ. ಹಿಮದ ಮೇಲೆ ಮಲಗಲು 4 ಅಥವಾ ಹೆಚ್ಚು ಬೇಕೆಂಬುದು ವಾಡಿಕೆಯ ಲೆಕ್ಕ. ಅಂಥ ಎರಡು ಚಾಪೆಯನ್ನು ಒಂದರ ಮೇಲೊಂದು ಹಾಸಿದರೆ 4. ದುಬಾರಿ ಗಾಳಿಹಾಸಿಗೆ ಕಲ್ಲು ಚುಚ್ಚಿ ತೂತಾದರೆ ರಾತ್ರಿ ಮುಗಿದಂತೆ. ಫೋಮಿಗೆ ಆ ಭಯ ಎಳ್ಳಷ್ಟೂ ಇಲ್ಲ.

ಕುಮಾರಪರ್ವತ, ಕುದುರೆಮುಖ, ಮುಳ್ಳಯ್ಯನಗಿರಿಯ ಸುತ್ತಿನ ಬೆಟ್ಟಗಳಲ್ಲಿ ಮಾಗಿಯ ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯಬಹುದು. ಅಲ್ಲಿಗೆ ತೆಳು ಪಾಲಿಯೆಸ್ಟರ್ ಚೀಲ ಸಾಕು, ಅಡಿಗೆ ಫೋಮ್ ಚಾಪೆ ಬೇಕೇ ಬೇಕು. ಪಶ್ಚಿಮಘಟ್ಟದ ಮಂಜು ಮಳೆಗೆ ಪಾಲಿಯೆಸ್ಟರೇ ಸರಿ. ಪುಕ್ಕ ಒದ್ದೆಯಾದರೆ ಮುದ್ದೆಯಾಗುತ್ತದೆ. ಇಲ್ಲಿ ಅಗ್ಗದ್ದೇ ಉತ್ತಮವಾದದ್ದೂ ಹೌದು. ಡಿಸೆಂಬರಿನಲ್ಲಿ ಉತ್ತರಾಖಂಡದ ಕೇದಾರಕಾಂಠಕ್ಕೆ ಹೋಗುವವರ ಲೆಕ್ಕ ಬೇರೆ. ಅಲ್ಲಿಯ ಥಂಡಿ ಶೂನ್ಯಕ್ಕಿಂತ ಎಷ್ಟೋ ಕೆಳಗೆ. ವರ್ಷಕ್ಕೊಂದು ಸಲ ಹೋಗುವವರು ಭಾರಿ ಚೀಲವನ್ನು ಕೊಳ್ಳುವುದಕ್ಕಿಂತ ಸಾಂಕ್ರಿಯಂಥ ಬುಡದ ಊರಿನಲ್ಲಿ ಬಾಡಿಗೆಗೆ ಪಡೆದು, ಉಳಿದ ದುಡ್ಡಿನಲ್ಲಿ ಇನ್ನೊಂದು ಚಾಪೆ ಕೊಳ್ಳುವುದು ಜಾಣತನ. ಮನೆಗೆ ಬಂದ ಮೇಲೆ ಸ್ವಂತ ಚೀಲವನ್ನು ಅದರ ಪುಟ್ಟ ಗವಸಿನಲ್ಲಿ ತುರುಕಿಡದೆ, ಬಿಚ್ಚಿ ತೂಗುಹಾಕಬೇಕು. ವರ್ಷವಿಡೀ ಅದುಮಿಟ್ಟ ನಾರು ಮತ್ತೆ ಉಬ್ಬುವುದಿಲ್ಲ.

ಕಂಬಳಿಯ ಕಡೆಗೆ ನೋಡಿದರೆ ಮನಸ್ಸು ಭಾರವಾಗುತ್ತದೆ. ಮಾಂಸದ ಬೆಲೆ ಏರಿದಂತೆ ಉಣ್ಣೆಯಿಲ್ಲದ, ಬೇಗ ಬೆಳೆಯುವ ತಳಿಗಳು ಮಂದೆಗೆ ಬಂದವು. ಒರಟು ಉಣ್ಣೆಯನ್ನು ಕೇಳುವವರಿಲ್ಲ. ಕತ್ತರಿಸುವ ಕೂಲಿಯೂ ಹುಟ್ಟದೆ ಕತ್ತರಿಸಿದ ಉಣ್ಣೆಯನ್ನು ಎಸೆದು ಬರುವ ಕುರಿಗಾರರಿದ್ದಾರೆ. ಸಭೆಗಳಲ್ಲಿ ಗಣ್ಯರ ಹೆಗಲಿಗೆ ಕರಿಕಂಬಳಿ ಹೊದಿಸುವ ಗೌರವ ಉಳಿದಿದೆ. ಕುಣಿಮಗ್ಗದಲ್ಲಿ ಕೂರುವ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಆದರೂ ಸುಗ್ಗಿ ಮುಗಿದ ಮೇಲೆ ಚಿತ್ರದುರ್ಗ, ಬಳ್ಳಾರಿ ಕಡೆಯ ಹೊಲಗಳಲ್ಲಿ ಕುರಿ ತರುಬಿದ ರಾತ್ರಿ, ದಾರಿಯ ಬಸ್ಸಿನ ದೀಪಕ್ಕೆ ಒಮ್ಮೊಮ್ಮೆ ಆ ನೋಟ ಸಿಗುತ್ತದೆ: ಬಲೆಯೊಳಗೆ ಒತ್ತೊತ್ತಾಗಿ ಮಲಗಿದ ಮಂದೆ, ಅದರ ಪಕ್ಕದಲ್ಲಿ ನೆಲಕ್ಕೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಗೋಣಿ ತಾಟು, ಅದರ ಮೇಲೆ ಅರ್ಧ ಹಾಸಿ ಅರ್ಧ ಹೊದ್ದ ಕಂಬಳಿ, ಕಾಲ ಬಳಿ ಸುರುಳಿ ಸುತ್ತಿಕೊಂಡ ನಾಯಿ.